ಹಾವಿನ ಮನೆಯ ವಿನಿಗರ್

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ನನ್ನ ಎದುರು ಮನೆಯ ವೆರ್ಲಿನ್ ಟೊಲೆಫ್‌ಸನ್‌ಗೆ ಅದು ಚೂರೂ ಇರಲಿಲ್ಲ. ಇಂಥವನು ಒಂದು ಬೇಸಿಗೆ ಪೂರ್ತಿ ಇಡೀ ಕಟ್ಟಡಕ್ಕೆ ಟೋಪಿ ಹಾಕಿದ ಎಂದರೆ ಅದಕ್ಕೆ ಅವನ ಬುದ್ಧಿ ಕಾರಣವಲ್ಲ, ನಮ್ಮ ಮಿನ್ನೆಸೋಟದ ಜನರ ಬಾಯಿಚಪಲ ಕಾರಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅವನನ್ನು ಯಾರೂ ದೊಡ್ಡ ಖದೀಮ ಎಂದುಕೊಳ್ಳಬಾರದು.

ವೆರ್ಲಿನ್ ಒಂದು ಹಾವು ಸಾಕಿದ್ದ. ಹೆಸರು ಬರ್ನೀಸ್. ಜೋಳದ ಹಾವು ಎಂಬ ಜಾತಿ. ಹೆಸರಿಗೆ ಜೋಳ, ತಿನ್ನುವುದು ಇಲಿ. ಕಿತ್ತಳೆ ಬಣ್ಣ, ನನ್ನ ಸೊಂಟದ ಬೆಲ್ಟಿಗಿಂತ ತುಸು ಉದ್ದ, ವಿಷವಿಲ್ಲ, ಮುಂಗೋಪವಿಲ್ಲ. ಅವನ ಅಕ್ಕನ ಮಗಳು ನೌಕಾಪಡೆಗೆ ಸೇರುವಾಗ "ಮಾವಾ, ಕ್ರಿಸ್‌ಮಸ್‌ವರೆಗೆ ನೋಡ್ಕೋ" ಎಂದು ಬಿಟ್ಟುಹೋದದ್ದು. ಯಾವ ಕ್ರಿಸ್‌ಮಸ್ ಎಂದು ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ. ಅದಾಗಿ ಹದಿನೆಂಟು ವರ್ಷ. ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ಕೆಲಸದಿಂದ ನಿವೃತ್ತನಾದ ಮೇಲೆ ವೆರ್ಲಿನ್‌ಗೆ ಮನೆಯಲ್ಲಿದ್ದ ಜೀವವೆಂದರೆ ಅವಳೊಬ್ಬಳೇ. ಸಂಜೆ ಟಿವಿಯಲ್ಲಿ ಹವಾಮಾನ ವರದಿ ಬರುವಾಗ ಅವಳು ಅವನ ಹೆಗಲ ಮೇಲಿರಬೇಕು. ಹಿಮ ಬೀಳುತ್ತದೆ ಎಂದರೆ ಅವನು ಅವಳಿಗೆ ಹೇಳಬೇಕು. ಅವನಿಗೆ ಆ ಹಾವೆಂದರೆ ಪ್ರಾಣ.

ತೊಂದರೆ ಎಲ್ಲಿತ್ತೆಂದರೆ, ನಾವಿರುವ ಬಿರ್ಚ್ ಕೋರ್ಟ್ ಎಂಬ ಈ ಮೂರು ಮಹಡಿಯ ಕಟ್ಟಡದಲ್ಲಿ ನಾಯಿ, ಬೆಕ್ಕು, ಹಕ್ಕಿ, ಮೀನು ಬಿಟ್ಟು ಬೇರೆ ಪ್ರಾಣಿ ಸಾಕುವಂತಿಲ್ಲ. ನಿವಾಸಿಗಳ ಸಂಘಕ್ಕೆ ಅಧ್ಯಕ್ಷೆ ಆರ್ಡಿತ್ ಕ್ವಾಮಿ. ಎತ್ತರದ ಹೆಂಗಸು, ಚರ್ಚಿನಲ್ಲಿ ಮೊದಲ ಸಾಲು, ಮಾತಿನಲ್ಲಿ ಕೊನೆಯ ಮಾತು. ಎರಡನೇ ಮಹಡಿಯ ಮಾವಿಸ್ ಲುಂಡೀನ್‌ಳ ತಂಗಿ ರಜೆಗೆ ಬರುವಾಗ ಒಂದು ಹ್ಯಾಮ್‌ಸ್ಟರ್ ತಂದಿದ್ದಳು, ಬೆರಳುದ್ದದ, ಇಲಿಯಂಥ ಪ್ರಾಣಿ. ಆರ್ಡಿತ್ ಅದನ್ನು ಪಂಜರ ಸಮೇತ ಎತ್ತಿಕೊಂಡು ರಸ್ತೆಯವರೆಗೆ ಬಿಟ್ಟುಬಂದು, ಕೈ ತೊಳೆದುಕೊಂಡು, ಮಾವಿಸ್‌ಗೆ ಕಾಫಿ ಕೊಟ್ಟು ಕಳಿಸಿದಳು. ಹ್ಯಾಮ್‌ಸ್ಟರ್‌ಗೇ ಈ ಗತಿಯಾದರೆ ಹಾವಿಗೆ ಕೇಳಬೇಕೇ? ಗೊತ್ತಾದ ದಿನ ಬರ್ನೀಸ್ ಹೊರಗೆ, ಇಲ್ಲವೇ ಬರ್ನೀಸ್ ಜೊತೆಗೆ ವೆರ್ಲಿನ್ ಹೊರಗೆ. ಈ ವಯಸ್ಸಿನಲ್ಲಿ ಹಾವು ಕಟ್ಟಿಕೊಂಡು ಬಂದ ಮುದುಕನಿಗೆ ಯಾರು ಮನೆ ಕೊಡುತ್ತಾರೆ? ವಿಷಯ ಗೊತ್ತಿದ್ದದ್ದು ನನಗೊಬ್ಬನಿಗೆ. ನಾನು ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು. ಹಿಂದೆ ಏನೇ ಕಂಡರೂ ಮುಂದೆ ನೋಡಿಕೊಂಡು ಕೂರುವುದು ನನಗೆ ಅಭ್ಯಾಸವಾಗಿದೆ.

ಹಾವಿಗೆ ದನಿ ಇಲ್ಲ, ಆದ್ದರಿಂದ ಅಕ್ಕಪಕ್ಕದವರ ಕಿವಿಯ ಭಯ ವೆರ್ಲಿನ್‌ಗಿರಲಿಲ್ಲ. ಭಯವೆಲ್ಲ ಮೂಗಿನದು. ಪೆಟ್ಟಿಗೆ ಒಂದು ವಾರ ತೊಳೆಯದಿದ್ದರೆ ಒಂದು ನಾತ ಏಳುತ್ತದೆ, ಅದು ನಾಯಿಯದೂ ಅಲ್ಲ, ಬೆಕ್ಕಿನದೂ ಅಲ್ಲ. ಅಂಗಡಿಯಲ್ಲಿ ಸಿಗುವ ಹಾವಿನ ಔಷಧಿ ತರೋಣವೆಂದರೆ ಬಾಟಲಿಯ ಮೇಲೆ ಇಷ್ಟು ದೊಡ್ಡ ಹಾವಿನ ಚಿತ್ರ. ಹಾಗಾಗಿ ಅವನು ಇಂಟರ್‌ನೆಟ್ಟಿನಲ್ಲಿ ಹಾವು ಸಾಕುವವರ ಒಂದು ಬಳಗ ಸೇರಿ, ಮನೆಯಲ್ಲೇ ಇರುವ ವಸ್ತುವಿನಿಂದ ಪೆಟ್ಟಿಗೆ ಶುದ್ಧ ಮಾಡುವುದು ಹೇಗೆ ಎಂದು ಕೇಳಿದ. ಆ ಬಳಗದಲ್ಲಿ ರಾಜಕೀಯ ಮಾತಾಡಬಾರದೆಂದು ನಿಯಮವಿದೆ. ಈ ಪ್ರಶ್ನೆ ಕೇಳಿದ ಮೇಲೆ ರಾಜಕೀಯವೇ ಎಷ್ಟೋ ವಾಸಿ ಅನ್ನಿಸಿತು. ಒಬ್ಬ ಬ್ಲೀಚ್ ಎಂದ. ಇನ್ನೊಬ್ಬ ಬ್ಲೀಚ್ ಹಾಕುವವನು ಕಟುಕ ಎಂದ. ಟೆಕ್ಸಾಸಿನ ಒಬ್ಬಳು ವಿನಿಗರ್ ಎಂದಳು, ಅವಳ ಮೇಲೆ ಹತ್ತು ಜನ ಬಿದ್ದರು. ಯಾರಿಗೂ ಬೇಜಾರಾಗಬಾರದು ಎಂಬುದು ವೆರ್ಲಿನ್‌ನ ಹುಟ್ಟುಗುಣ. "ಬ್ಲೀಚು ವಿನಿಗರ್ರು ಎರಡನ್ನೂ ಬೆರೆಸಿಬಿಟ್ರೆ ಹೇಗೆ?" ಎಂದು ಬರೆದ. ಬಳಗಕ್ಕೆ ಬಳಗವೇ ಒಂದಾಯಿತು. "ಬೆರೆಸಿ ಸ್ವಾಮಿ, ಆ ಹೊಗೆ ಕುಡಿದ ಮೇಲೆ ಪೆಟ್ಟಿಗೆ ತೊಳೆಯೋ ಚಿಂತೆ ನಿಮಗಿರಲ್ಲ" ಎಂದು ಟೆಕ್ಸಾಸಿನವಳೇ ಬರೆದಳು.

ಕೊನೆಗೆ ಅವನಿಗೆ ದಕ್ಕಿದ ಕ್ರಮ ಇದು. ಅರ್ಧ ಬಿಳಿ ವಿನಿಗರ್, ಅರ್ಧ ನೀರು. ಕಸ ತೆಗೆದು ಪೆಟ್ಟಿಗೆಯನ್ನು ಮೊದಲು ಸೋಪಿನಲ್ಲಿ ಉಜ್ಜಬೇಕು. ಆಮೇಲೆ ಇದನ್ನು ಚಿಮುಕಿಸಿ, ಒಂದು ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟು, ಬಿಸಿನೀರಲ್ಲಿ ಎರಡು ಸಲ ತೊಳೆದು, ಪೂರ್ತಿ ಒಣಗಿಸಬೇಕು. ತಳಕ್ಕೆ ಹಳೆಯ ಪತ್ರಿಕೆ. ಒಂದು ಕೊನೆಯ ಕೆಳಗೆ ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಉಗುರುಬೆಚ್ಚಗೆ, ಬಿಸಿ ಮಾಡುವ ಪ್ಯಾಡು, ಇನ್ನೊಂದು ಕೊನೆ ತಂಪಾಗಿರಬೇಕು. ಪೈನ್ ಎಣ್ಣೆ ಇರುವ ಯಾವ ಶುದ್ಧಿದ್ರವವನ್ನೂ ಹತ್ತಿರ ತರಬಾರದು, ಹಾವಿಗೆ ಅದು ವಿಷ. ಇಷ್ಟೂ ನಡೆಯುವಾಗ ಬರ್ನೀಸ್ ಒಂದು ದಿಂಬಿನ ಚೀಲದಲ್ಲಿ, ಚೀಲದ ಬಾಯಿಗೆ ಗಂಟು ಹಾಕಿಸಿಕೊಂಡು, ಅಡಿಗೆಮನೆಯ ಮೇಜಿನ ಮೇಲೆ ತೆಪ್ಪಗೆ ಮಲಗಿರಬೇಕು. ಹಾವು ಸಾಕುವವರೆಲ್ಲ ಹಾಗೇ ಮಾಡುತ್ತಾರೆ. ಕತ್ತಲೆ ಚೀಲದೊಳಗೆ ಹಾವಿಗೆ ನೆಮ್ಮದಿ. ತೊಳೆದು ಒಳಗೆ ಬಿಟ್ಟ ಐದು ನಿಮಿಷಕ್ಕೆ ಅವಳು ಹೊಸ ಪತ್ರಿಕೆಯ ಮೇಲೆ ಹೇತು ಉದ್ಘಾಟನೆ ಮಾಡುವುದೂ ಆ ಕ್ರಮಕ್ಕೆ ಸೇರಿದ್ದೇ.

ಎಲ್ಲರೂ ಚರ್ಚಿಗೆ ಹೋದ ಹೊತ್ತಿನಲ್ಲಿ ಈ ಕೆಲಸ ಸಾಂಗವಾಗಿ ನಡೆಯುತ್ತಿತ್ತು. ಜೂನ್ ತಿಂಗಳಲ್ಲಿ ವಿನಿಗರ್ ಅಗ್ಗಕ್ಕೆ ಸಿಕ್ಕಿತೆಂದು ವೆರ್ಲಿನ್ ಆರು ಗ್ಯಾಲನ್ ಡಬ್ಬಿ ತಂದ. ಎರಡು ಕೈಗೆ ನಾಲ್ಕು, ಕಂಕುಳಲ್ಲಿ ಎರಡು. ಮೆಟ್ಟಿಲ ಮೇಲೆ ಆರ್ಡಿತ್ ಎದುರಾದಳು.

"ಏನು ವೆರ್ಲಿನ್, ಇಷ್ಟೊಂದು ವಿನಿಗರ್?"

ಇಲ್ಲಿ ಯಾರಾದರೂ ಕಿಟಕಿ ಒರೆಸುವುದಕ್ಕೆ ಎನ್ನುತ್ತಿದ್ದರು. ಕಾಫಿ ಯಂತ್ರ ತೊಳೆಯುವುದಕ್ಕೆ ಎನ್ನುತ್ತಿದ್ದರು. ವೆರ್ಲಿನ್ ಮೇಲೆ ನೋಡಿದ, ಕೆಳಗೆ ನೋಡಿದ, ಕಂಕುಳಿನ ಡಬ್ಬಿ ಜಾರಿತು.

"ಉಪ್ಪಿನಕಾಯಿ" ಎಂದ.

ಕೌಂಟಿ ಜಾತ್ರೆಯಲ್ಲಿ ಸಬ್ಬಸಿಗೆ ಹಾಕಿದ ಸೌತೆಕಾಯಿ ಉಪ್ಪಿನಕಾಯಿಗೆ ಮೊದಲ ಬಹುಮಾನವೆಂದು ನೀಲಿ ರಿಬ್ಬನ್ ಕೊಡುತ್ತಾರೆ. ಅದನ್ನು ಆರ್ಡಿತ್ ಬಿಟ್ಟು ಬೇರೆ ಯಾರೂ ಮುಟ್ಟಿ ಎಷ್ಟೋ ವರ್ಷವಾಗಿತ್ತು. ಅವಳ ಅಜ್ಜಿ ನಾರ್ವೆಯಿಂದ ಬರುವಾಗ ತಂದ ಪಾಕವಂತೆ. ಅವಳ ಮುಂದೆ ನಿಂತು ಆರು ಗ್ಯಾಲನ್ ವಿನಿಗರ್ ಹೊತ್ತವನೊಬ್ಬ ಉಪ್ಪಿನಕಾಯಿ ಎಂದರೆ, ಅದು ಯುದ್ಧ ಸಾರಿದ ಹಾಗೆಯೇ.

"ಓ. ಒಳ್ಳೇದು" ಎಂದಳು ಆರ್ಡಿತ್. ನಮ್ಮ ಕಡೆ ಯಾರಾದರೂ ಹೀಗೆ ನಿಧಾನವಾಗಿ ಒಳ್ಳೇದು ಎಂದರೆ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ವೆರ್ಲಿನ್‌ಗೆ ಅಷ್ಟು ಸೂಕ್ಷ್ಮವೆಲ್ಲಿ ಬರಬೇಕು.

ಸಂಜೆಯೊಳಗೆ ಕಟ್ಟಡಕ್ಕೆಲ್ಲ ಗೊತ್ತಾಯಿತು. ಬಂದವರೆಲ್ಲ ಅವನ ಬಾಗಿಲ ಮುಂದೆ ನಿಂತು ಉಸಿರೆಳೆದರು. ವಿನಿಗರ್ ವಾಸನೆ ಬರುತ್ತಲೂ ಇತ್ತಲ್ಲ. ಮಾವಿಸ್ ಲುಂಡೀನ್ ನನ್ನನ್ನು ತಡೆದು, "ಹಾರ್ಲಾನ್, ನಿಜ ಹೇಳು, ನೀನು ರುಚಿ ನೋಡಿದೀಯ?" ಎಂದಳು. ಇಲ್ಲ ಎಂದೆ. "ನಿನಗೂ ಕೊಟ್ಟಿಲ್ವಾ? ಹಾಗಾದ್ರೆ ಭಾರಿ ಇರ್ಬೇಕು" ಎಂದಳು. ಕೊಡದೇ ಇರುವುದೇ ಗುಣಮಟ್ಟಕ್ಕೆ ಸಾಕ್ಷಿಯಾಗಿ ಹೋಯಿತು.

ಬುಧವಾರದ ಕಾಫಿಗೆ ಕೆಳಗಿನ ಹಾಲ್‌ನಲ್ಲಿ ಸೇರಿದಾಗ ಆರ್ಡಿತ್ ತಾನೇ ಮಾಡಿದ, ಹುಳಿ ದಂಟಿನ ಸಿಹಿತಿಂಡಿ ರುಬಾರ್ಬ್ ಬಾರ್‌ನ ತುಂಡೊಂದನ್ನು ವೆರ್ಲಿನ್‌ನ ತಟ್ಟೆಗೆ ಹಾಕಿ ಪಕ್ಕದಲ್ಲಿ ಕೂತಳು. ಮಾವಿಸ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು.

"ನಾನೇನೂ ಗುಟ್ಟು ಕೇಳ್ತಿಲ್ಲ" ಎಂದಳು ಆರ್ಡಿತ್. "ಸುಮ್ಮನೆ ಮಾತಿಗೆ. ನೀರಿಗೆ ವಿನಿಗರ್ ಎಷ್ಟು ಹಾಕ್ತೀರಿ?"

ವೆರ್ಲಿನ್ ನನ್ನ ಮುಖ ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ. ಅವನಿಗೆ ತಿಳಿದಿದ್ದದ್ದು ಒಂದೇ ಲೆಕ್ಕ.

"ಅರ್ಧಕ್ಕರ್ಧ."

"ಅರ್ಧಕ್ಕರ್ಧವೇ? ಅಷ್ಟೊಂದಾ? ಎಲ್ಲಿಡ್ತೀರಿ, ತಂಪಿನಲ್ಲೋ?"

"ಒಂದು ಕೊನೆ ತಂಪು" ಎಂದ ವೆರ್ಲಿನ್. "ಇನ್ನೊಂದು ಕೊನೆ ಬಿಸಿ. ಕೆಳಗೊಂದು ಪ್ಯಾಡ್ ಇಡ್ತೀನಿ. ಎಂಬತ್ತೆಂಟು ಡಿಗ್ರಿ."

ಆರ್ಡಿತ್‌ಳ ಕೈಯಲ್ಲಿದ್ದ ಕಾಫಿ ಕಪ್ಪು ಅಲ್ಲೇ ನಿಂತಿತು. "ಎಂಬತ್ತೆಂಟು ಡಿಗ್ರಿಗೆ ಮೆತ್ತಗಾಗಲ್ವಾ?"

"ಇಲ್ಲ. ಗಟ್ಟಿಮುಟ್ಟಾಗಿರ್ತಾಳೆ."

"ಇರ್ತಾಳೆ?"

"ಇರುತ್ತೆ."

"ತಳಕ್ಕೇನು ಹಾಕ್ತೀರಿ? ದ್ರಾಕ್ಷಿ ಎಲೆಯಾ?"

"ಹಳೆ ಪೇಪರ್. ಗುರುವಾರದ್ದಾದ್ರೆ ಒಳ್ಳೇದು, ಜಾಹೀರಾತು ಜಾಸ್ತಿ, ದಪ್ಪ ಇರುತ್ತೆ."

ಮಾವಿಸ್ "ನನ್ನಮ್ಮಾ" ಎಂದು ಎದೆ ಮೇಲೆ ಕೈಯಿಟ್ಟುಕೊಂಡಳು. ಆರ್ಡಿತ್ ಮಾತ್ರ ಕದಲಲಿಲ್ಲ. "ಎಷ್ಟು ದಿನ ಬಿಡ್ತೀರಿ?"

"ಈಗಿರೋದಾ? ಹದಿನೆಂಟು ವರ್ಷ ಆಯ್ತು."

"ಅದೇ? ಒಂದೇ?"

"ಅದೊಂದೇ. ಅಷ್ಟು ವರ್ಷ ಬದುಕ್ತಾರೆ ಅಂತ ನಾನೂ ಅಂದ್ಕೊಂಡಿರಲಿಲ್ಲ" ಎಂದ ವೆರ್ಲಿನ್. ಅವನ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಕಂಡು ಹಾಲ್‌ನವರೆಲ್ಲ ಗಂಭೀರರಾದರು. ಉಪ್ಪಿನಕಾಯಿಯನ್ನು ನೆನೆದು ಅಳುವ ಗಂಡಸನ್ನು ಅವರು ಅದುವರೆಗೆ ಕಂಡಿರಲಿಲ್ಲ.

ಮಾವಿಸ್ ಮಾರನೆಯ ದಿನ ಒಂದು ಬಾಟಲಿ ಪೈನ್ ದ್ರವ ತಂದು, ಮೆಟ್ಟಿಲೆಲ್ಲ ಹುಳಿ ವಾಸನೆ, ಒಂದು ಸಲ ನೆಲ ಒರೆಸು ಎಂದಳು. ವೆರ್ಲಿನ್ ಎರಡು ಹೆಜ್ಜೆ ಹಿಂದೆ ಹೋಗಿ ಬಾಗಿಲಿಗೆ ಅಡ್ಡ ನಿಂತ. "ಬೇಡ ಮಾವಿಸ್, ದಮ್ಮಯ್ಯ. ಪೈನ್ ಒಳಗೆ ಬಂದ್ರೆ ಸತ್ತೇ ಹೋಗುತ್ತೆ." ಒಂದು ಗಂಟೆಯೊಳಗೆ ಕಟ್ಟಡದ ಎಲ್ಲರೂ ಪೈನ್ ಹಾಕಿ ನೆಲ ಒರೆಸುವುದನ್ನು ನಿಲ್ಲಿಸಿದರು. ವೆರ್ಲಿನ್‌ನ ಉಪ್ಪಿನಕಾಯಿ ಜೀವಂತ ಪದಾರ್ಥ, ಗಾಳಿ ಬದಲಾದರೆ ಸಾಯುತ್ತದೆ ಎಂದು ಕಟ್ಟಡ ಗುಡಿಸುವ ಕೆಲಸದವನೂ ಹೇಳತೊಡಗಿದ.

"ನಿಜ ಹೇಳಿಬಿಡೋ ಮಾರಾಯ" ಎಂದೆ ನಾನು ವೆರ್ಲಿನ್‌ಗೆ.

"ಹೇಳಿದ್ರೆ ಬರ್ನೀಸ್ ಎಲ್ಲಿಗೆ ಹೋಗ್ಬೇಕು?"

"ಹೇಳದಿದ್ರೆ ನಾಳೆ ಉಪ್ಪಿನಕಾಯಿ ಕೇಳ್ತಾರೆ. ಎಲ್ಲಿಂದ ತರ್ತೀಯ?"

"ಕೇಳಲ್ಲ ಬಿಡು. ನಮ್ಮವರು ಕೇಳೋ ಜನ ಅಲ್ಲ."

ಅದು ನಿಜ. ನಮ್ಮವರು ಕೇಳುವುದಿಲ್ಲ. ಕೇಳದೆಯೇ ಅವನ ಹೆಸರನ್ನು ಬಿರ್ಚ್ ಕೋರ್ಟ್‌ನ ಪರವಾಗಿ ಕೌಂಟಿ ಜಾತ್ರೆಗೆ ನೋಂದಾಯಿಸಿದರು. ಅಷ್ಟೇ ಸಾಲದೆಂದು ಆಗಸ್ಟ್ ಮೊದಲ ಭಾನುವಾರ, ಚರ್ಚ್ ಮುಗಿದ ಮೇಲೆ, ಕೆಳಗಿನ ಹಾಲ್‌ನಲ್ಲಿ ರುಚಿ ನೋಡುವ ಊಟ ಇಟ್ಟರು. ಜಾತ್ರೆಯ ಉಪ್ಪಿನಕಾಯಿ ವಿಭಾಗದ ಮೇಲ್ವಿಚಾರಕಿ ಮಿಸ್ ಓಡೆಗಾರ್ಡ್ ಅವರನ್ನೂ ಕರೆದರು. ಈ ಮಿಸ್ ಓಡೆಗಾರ್ಡ್ ಬಾಟಲಿಯ ಮುಚ್ಚಳ ತೆಗೆಯುವ ಸದ್ದು ಕೇಳಿಯೇ ಒಳಗಿನದು ಯಾವ ತಿಂಗಳಿನದೆಂದು ಹೇಳುತ್ತಿದ್ದರು. ಆರ್ಡಿತ್ ಈ ಏರ್ಪಾಟನ್ನೆಲ್ಲ ತಾನೇ ಮುಂದೆ ನಿಂತು ಮಾಡಿದಳು. ಸೋಲುವುದಾದರೆ ಎಲ್ಲರ ಮುಂದೆ ನೆಟ್ಟಗೆ ನಿಂತು ಸೋಲಬೇಕು ಎನ್ನುವ ಜಾತಿಯ ಹೆಂಗಸು.

ನಾನು ಪಕ್ಕದ ಕೌಂಟಿಯವರೆಗೆ ಗಾಡಿ ಓಡಿಸಿ, ನಮ್ಮ ಊರಲ್ಲಿ ಸಿಗದ ಕಂಪನಿಯ ಉಪ್ಪಿನಕಾಯಿ ಒಂದು ಬಾಟಲಿ ತಂದೆ. ಬಾಟಲಿಯ ಮೇಲಿನ ಕಂಪನಿಯ ಚೀಟಿಯನ್ನು ಬಿಸಿನೀರಲ್ಲಿ ನೆನೆಸಿ ಉಗುರಿನಲ್ಲಿ ಕೆರೆದೆ. ಅದನ್ನು ವೆರ್ಲಿನ್‌ನ ಅಡಿಗೆಮನೆ ಮೇಜಿನ ಮೇಲಿಟ್ಟು, "ಇದನ್ನ ತಗೊಂಡು ಹನ್ನೆರಡಕ್ಕೆ ಕೆಳಗೆ ಬಾ. ಬಾಯಿ ಮಾತ್ರ ಬಿಡಬೇಡ" ಎಂದು ಹೇಳಿ ಹಾಲ್‌ಗೆ ಹೋದೆ.

ಮುಂದೆ ನಡೆದದ್ದು ವೆರ್ಲಿನ್, ಆರ್ಡಿತ್ ಇಬ್ಬರೂ ಆಮೇಲೆ ಹೇಳಿದ್ದು. ಬೆಳಿಗ್ಗೆ ತಾನೇ ಪೆಟ್ಟಿಗೆ ತೊಳೆದಿದ್ದ. ಅಂಗಿ ಹಾಕಿಕೊಂಡು ಹೊರಡಬೇಕು, ಬರ್ನೀಸ್ ಉದ್ಘಾಟನೆ ಮಾಡಿದಳು. ಸಾಧಾರಣ ಉದ್ಘಾಟನೆಯಲ್ಲ, ನೀರಿನ ಬಟ್ಟಲನ್ನೂ ಉರುಳಿಸಿ, ಅದರಲ್ಲೇ ಹೊರಳಿದಳು. ಹಾಗೇ ಬಿಟ್ಟು ಹೋಗುವುದಕ್ಕೆ ಅವನಿಗೆ ಮನಸ್ಸಾಗಲಿಲ್ಲ. ಅವಳನ್ನು ಒರೆಸಿ, ದಿಂಬಿನ ಚೀಲಕ್ಕೆ ಹಾಕಿ, ಗಂಟು ಬಿಗಿದು, ಮೇಜಿನ ಮೇಲೆ ನನ್ನ ಬಾಟಲಿಯ ಪಕ್ಕದಲ್ಲಿಟ್ಟು, ಪೆಟ್ಟಿಗೆಯನ್ನು ಬಚ್ಚಲಿಗೆ ಒಯ್ದು ನೀರು ಬಿಟ್ಟ. ಅಷ್ಟರಲ್ಲಿ ಆರ್ಡಿತ್ ಬಂದು ಬಾಗಿಲು ತಟ್ಟಿ, ಚಿಲಕ ಹಾಕಿರಲಿಲ್ಲವಾದ್ದರಿಂದ ಅಡಿಗೆಮನೆಯವರೆಗೆ ಬಂದೇಬಿಟ್ಟಳು.

"ವೆರ್ಲಿನ್, ಎಲ್ರೂ ಕಾಯ್ತಿದಾರೆ."

"ತೊಳೀತಿದೀನಿ, ಬಂದೆ" ಎಂದ ಇವನು ಬಚ್ಚಲಿಂದ.

"ಮೇಜಿನ ಮೇಲಿರೋದನ್ನ ನಾನು ತಗೊಂಡು ಹೋಗಿರ್ತೀನಿ, ಆಗ್ಬಹುದಾ?"

"ಹೂಂ, ತಗೊಂಡು ಹೋಗಿ. ಉಪಕಾರ ಆಯ್ತು" ಎಂದ ವೆರ್ಲಿನ್, ನನ್ನ ಬಾಟಲಿಯನ್ನು ಮನಸ್ಸಿನಲ್ಲಿಟ್ಟುಕೊಂಡು.

ಆರ್ಡಿತ್ ಬಾಟಲಿಯತ್ತ ಒಂದೇ ಒಂದು ನೋಟ ಹರಿಸಿದಳು. ಚೀಟಿ ಇಲ್ಲದಿದ್ದರೂ ಮುಚ್ಚಳದಲ್ಲೇ ಗೊತ್ತಾಯಿತು, ಅಂಗಡಿ ಮಾಲು. ಅದೂ ಪಕ್ಕದ ಕೌಂಟಿಯದು. ಪಕ್ಕದಲ್ಲಿ ಗಂಟು ಹಾಕಿದ ಬಿಳಿ ಚೀಲ. ಎತ್ತಿ ನೋಡಿದಳು: ಭಾರವಾಗಿದೆ, ಬೆಚ್ಚಗಿದೆ, ಕೆಳಗೆ ಒದ್ದೆಯಾಗಿದೆ. ಅವಳ ಅಜ್ಜಿಯೂ ಸಾಸಿವೆ ಮಸಾಲೆಯನ್ನು ಬಟ್ಟೆಯಲ್ಲೇ ಕಟ್ಟುತ್ತಿದ್ದಳು.

ಹಾಲ್‌ನಲ್ಲಿ ಮೂವತ್ತು ಜನ ಸೇರಿದ್ದರು. ಮಾಂಸ, ಆಲೂಗಡ್ಡೆ ಸೇರಿಸಿ ಬೇಯಿಸುವ ನಮ್ಮ ಕಡೆಯ ಹಾಟ್‌ಡಿಶ್ ಮೂರು ಥರದ್ದಿತ್ತು, ಅಂದರೆ ಒಂದೇ ಥರದ್ದನ್ನು ಮೂರು ಜನ ಮಾಡಿ ತಂದಿದ್ದರು. ನಾನು ಕೈಗೆ ತಟ್ಟೆ ತಗೊಂಡು ಮೊದಲ ತುತ್ತು ಬಾಯಿಗಿಟ್ಟೆ. ಆಗ ಆರ್ಡಿತ್ ಎರಡೂ ಕೈಯಲ್ಲಿ ಬರ್ನೀಸ್‌ಳನ್ನು ಹಿಡಿದುಕೊಂಡು ಒಳಗೆ ಬಂದಳು.

ಕೂಗಬೇಕೆಂದು ಬಾಯಿ ತೆರೆದೆ. ಒಲೆಯಿಂದ ಆಗತಾನೇ ಇಳಿಸಿದ ಹಾಟ್‌ಡಿಶ್ ಗಂಟಲಿನಲ್ಲಿ ಕೂತುಬಿಟ್ಟಿತು. ಕೆಮ್ಮು ಹತ್ತಿತು. ಮಾವಿಸ್ ಬಂದು ಬೆನ್ನಿಗೆ ಗುದ್ದತೊಡಗಿದಳು. ಸಣ್ಣ ದೇಹದ ಹೆಂಗಸು, ಕೈ ಮಾತ್ರ ಕಮ್ಮಾರನದು.

"ಅಂಗಡಿ ಬಾಟ್ಲಿ ಒಂದನ್ನ ಎದುರಿಗಿಟ್ಟು ನನ್ನನ್ನ ಏಮಾರಿಸೋಕೆ ನೋಡಿದಾರೆ" ಎಂದಳು ಆರ್ಡಿತ್ ಎಲ್ಲರಿಗೂ ಕೇಳುವಂತೆ. "ನಿಜವಾದ್ದು ಇದರಲ್ಲಿತ್ತು. ಮುಟ್ಟಿ ನೋಡಿ ಮಿಸ್ ಓಡೆಗಾರ್ಡ್."

ಮಿಸ್ ಓಡೆಗಾರ್ಡ್ ಕನ್ನಡಕ ಏರಿಸಿ ಚೀಲವನ್ನು ಮೇಲಿಂದ ಕೆಳಗೆ ಅಮುಕಿದರು. "ಒಳ್ಳೆ ಗಟ್ಟಿ ಇದೆ. ತುಂಬ ಉದ್ದದ ಜಾತಿ. ಸುತ್ತಿಟ್ಟಿದಾರೆ. ಇಂಥ ಕಾಯಿ ನಾನು ನೋಡೇ ಇಲ್ಲ."

"ಬಿಚ್ಚಲಾ?"

"ಬೇಡ ಬೇಡ. ಬಿಚ್ಚಿದ್ರೆ ಸಾರ ಹೊರಟುಹೋಗುತ್ತೆ. ಚೀಲ ಸಮೇತ ಕುದಿಯೋ ಉಪ್ಪುನೀರಿಗೆ ಬಿಡಿ. ಒಂದೇ ನಿಮಿಷ. ಪರಿಮಳ ಬಂದ್ರೆ ಅದೇ ಪರೀಕ್ಷೆ."

ಹಾಲ್‌ನ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಉಪ್ಪುನೀರು ಕೊತಕೊತ ಕುದಿಯುತ್ತಿತ್ತು. ರುಚಿ ಪರೀಕ್ಷೆಗೆಂದು ಮೊದಲೇ ಇಟ್ಟಿದ್ದರು. ಆರ್ಡಿತ್ ಅತ್ತ ನಡೆದಳು. ನಾನು ಕೈ ಬೀಸಿದೆ, ನೀರು ಬೇಕಾ ಎಂದು ಮಾವಿಸ್ ಇನ್ನೆರಡು ಗುದ್ದಿದಳು. ಆಗ ವೆರ್ಲಿನ್ ಬಾಗಿಲಲ್ಲಿ ಕಾಣಿಸಿಕೊಂಡ. ಅಂಗಿ ತೋಳು ಮೇಲೇರಿಸಿದ್ದ, ಕೈ ಒದ್ದೆ, ಮುಖದಲ್ಲಿ ರಕ್ತವಿಲ್ಲ. ಖಾಲಿ ಮೇಜು ನೋಡಿ ಓಡಿಬಂದಿದ್ದ.

ಇಂಥ ಹೊತ್ತಿನಲ್ಲಿ ಬೇರೆ ನಾಡಿನವರು ಕಿರುಚುತ್ತಾರೆ. ನಮ್ಮಲ್ಲಿ ಅದು ಒರಟುತನ. ಚರ್ಚಿಗೆ ಬೆಂಕಿ ಬಿದ್ದಾಗಲೂ ನಮ್ಮವರು ಪಾದ್ರಿಯ ಮಾತು ಮುಗಿಯಲಿ ಎಂದು ಕಾದಿದ್ದರು.

"ಆರ್ಡಿತ್" ಎಂದ ವೆರ್ಲಿನ್, "ನಿಮಗೆ ತೊಂದರೆ ಇಲ್ಲ ಅಂದ್ರೆ, ಒಂದು ಮಾತು…"

"ಆಮೇಲೆ ವೆರ್ಲಿನ್. ಈಗ ಕೈಯಲ್ಲಿ ಕೆಲಸ ಇದೆ."

"ಅಲ್ಲ, ನಾನೇನು ಅವಸರ ಮಾಡ್ತಿಲ್ಲ. ಆ ಚೀಲ ಇದೆಯಲ್ಲ…"

"ಚೀಲ ಒಗೆದು ಕೊಡ್ತೀನಿ, ಯೋಚನೆ ಮಾಡ್ಬೇಡಿ."

ಚೀಲ ಹಂಡೆಯ ಮೇಲೆ ಬಂತು. ಹಬೆ ತಾಗಿ ಒಳಗೆ ಏನೋ ಮಿಸುಕಿತು. ಆರ್ಡಿತ್ ಒಂದು ಕ್ಷಣ ತಡೆದಳು. "ಮಸಾಲೆ ಸಡಿಲ ಆಗ್ತಿದೆ" ಎಂದು ಮಿಸ್ ಓಡೆಗಾರ್ಡ್ ಧೈರ್ಯ ತುಂಬಿದರು. ಚೀಲ ಇನ್ನೊಂದು ಗೇಣು ಇಳಿಯಿತು.

ವೆರ್ಲಿನ್ ಮೂವತ್ತು ಜನರನ್ನು ಮೊಣಕೈಯಲ್ಲಿ ನೂಕಿಕೊಂಡು, ಒಬ್ಬೊಬ್ಬರಿಗೂ ಕ್ಷಮಿಸಿ ಕ್ಷಮಿಸಿ ಎನ್ನುತ್ತ ಬಂದು, ಕುದಿಯುವ ಹಂಡೆಯ ಬಾಯಿಗೆ ತನ್ನ ಎರಡೂ ಕೈ ಅಡ್ಡ ಹಿಡಿದ.

"ಅದು ಉಪ್ಪಿನಕಾಯಿ ಅಲ್ಲ" ಎಂದ. "ಅದು ಬರ್ನೀಸ್. ನನ್ನ ಹಾವು. ಮನೆ ನಾಳೆನೇ ಖಾಲಿ ಮಾಡ್ತೀನಿ ಆರ್ಡಿತ್, ಎಲ್ಲಾದ್ರೂ ಹೋಗ್ತೀನಿ. ಅವಳನ್ನ ಕೊಡಿ ನನಗೆ."

ಕೈ ಹಬೆಯಲ್ಲಿ ಕೆಂಪಾಗುತ್ತಿತ್ತು, ಅವನು ತೆಗೆಯಲಿಲ್ಲ. ಆರ್ಡಿತ್ ತೆರೆದ ಬಾಯಿ ಮುಚ್ಚದೆ ಚೀಲವನ್ನು ಅವನ ಎದೆಗೆ ಒತ್ತಿದಳು. ಅವನು ಅಲ್ಲೇ ನೆಲದ ಮೇಲೆ ಕೂತು ಗಂಟು ಬಿಚ್ಚಿದ. ಕಿತ್ತಳೆ ತಲೆ ಹೊರಗೆ ಬಂತು, ನಾಲಿಗೆ ಆಡಿಸಿ ಗಾಳಿ ನೋಡಿತು, ಅವನ ತೋಳಿಗೆ ಸುತ್ತಿಕೊಂಡಿತು. ವೆರ್ಲಿನ್ ಮೂಗೊರೆಸಿಕೊಂಡ. ನನಗೂ ಕಣ್ಣು ತುಂಬಿತು. ಎಲ್ಲವೂ ಮಾವಿಸ್‌ಳ ಗುದ್ದಿನಿಂದಲ್ಲ.

ಮೊದಲು ಮಾತಾಡಿದವಳು ಮಾವಿಸ್.

"ಅದು ಹಾವಲ್ವಾ?"

"ಹೌದು ಮಾವಿಸ್."

"ಕಚ್ಚುತ್ತಾ?"

"ಇಲ್ಲ."

"ಬೊಗಳುತ್ತಾ?"

"ಹಾವು ಮಾವಿಸ್."

"ಸರಿ ಹಾಗಾದ್ರೆ. ಹಾಟ್‌ಡಿಶ್ ಆರ್ತಾ ಇದೆ" ಎಂದಳು. ಎಲ್ಲರೂ ತಟ್ಟೆ ಎತ್ತಿಕೊಂಡರು. ಹಾವಿನ ಪ್ರಕರಣ ಅಲ್ಲಿಗೆ ಮುಗಿಯಿತೆಂದು ನನಗೆ ಉಸಿರು ಬಂತು. ಆಗ ಮಿಸ್ ಓಡೆಗಾರ್ಡ್ ಕೇಳಿದರು, "ಮತ್ತೆ ಉಪ್ಪಿನಕಾಯಿ ಎಲ್ಲಿ?"

"ಇಲ್ಲ" ಎಂದ ವೆರ್ಲಿನ್.

"ಇನ್ನೂ ಆಗಿಲ್ವಾ?"

"ಇಲ್ಲವೇ ಇಲ್ಲ. ನಾನು ಹುಟ್ಟಿದಾಗಿಂದ ಒಂದು ಉಪ್ಪಿನಕಾಯೂ ಹಾಕಿಲ್ಲ."

ಎತ್ತಿದ ತಟ್ಟೆಗಳೆಲ್ಲ ಕೆಳಗಿಳಿದವು.

"ಹಾವು ಸಾಕೋದು ಒಂದು ಮಾತು ವೆರ್ಲಿನ್" ಎಂದಳು ಮಾವಿಸ್. "ಯಾರಿಗೆ ಏನು ಕಷ್ಟವೋ, ಸಾಕ್ತಾರೆ. ಆದರೆ ಉಪ್ಪಿನಕಾಯಿ ವಿಷಯದಲ್ಲಿ ಸುಳ್ಳು ಹೇಳೋದಾ? ನಾನು ನನ್ನ ತಂಗಿಗೆ ಫೋನ್ ಮಾಡಿ ಹೇಳಿದೀನಿ."

"ಎರಡು ತಿಂಗಳಿಂದ ನಾವು ಪೈನ್ ಹಾಕಿ ನೆಲ ಒರೆಸಿಲ್ಲ" ಎಂದ ಹಿಂದಿನಿಂದ ಯಾರೋ.

"ಇವನನ್ನ ಈ ಕಟ್ಟಡದಲ್ಲಿ ಇಟ್ಕೋಬಾರದು" ಎಂದ ಇನ್ನೊಬ್ಬ. "ಹಾವು ಬೇಕಾದ್ರೆ ಇರಲಿ."

ಎಲ್ಲರೂ ಆರ್ಡಿತ್‌ಳತ್ತ ನೋಡಿದರು. ಅಧ್ಯಕ್ಷೆ ಅವಳು, ಮೋಸ ಹೋದ ಪ್ರತಿಸ್ಪರ್ಧಿಯೂ ಅವಳು. ಅವಳ ಮುಖ ಸುಣ್ಣ ಬಳಿದ ಹಾಗೆ ಬಿಳಿಚಿತ್ತು. ವೆರ್ಲಿನ್ ಕೂತಲ್ಲಿಗೆ ಬಗ್ಗಿ, ಬೇರೆಯವರಿಗೆ ಕೇಳದಂತೆ ಮಾತಾಡಿದಳು. ನಾನು ಪಕ್ಕದಲ್ಲೇ ಇದ್ದೆ, ನನಗೆ ಕೇಳಿಸಿತು.

"ಅರ್ಧಕ್ಕರ್ಧ?"

"ಪೆಟ್ಟಿಗೆ ತೊಳೆಯೋಕೆ."

"ಎಂಬತ್ತೆಂಟು ಡಿಗ್ರಿ?"

"ಬರ್ನೀಸ್‌ಗೆ. ಅವಳಿಗೆ ಹೊಟ್ಟೆ ಬೆಚ್ಚಗಿರಬೇಕು, ಇಲ್ದಿದ್ರೆ ತಿಂದಿದ್ದು ಅರಗಲ್ಲ."

"ಗುರುವಾರದ ಪೇಪರ್?"

ವೆರ್ಲಿನ್, ಪಾಪ, ತಲೆ ತಗ್ಗಿಸಿದ. ಆರ್ಡಿತ್ ನೆಟ್ಟಗೆ ನಿಂತು ಅಂಗಿಯ ಗುಂಡಿ ಸರಿಮಾಡಿಕೊಂಡಳು.

"ಅಧ್ಯಕ್ಷೆಯಾಗಿ ನಾನೊಂದು ಸೂಚನೆ ತರ್ತೀನಿ" ಎಂದಳು. "ಹಾವೂ ಇರಲಿ, ವೆರ್ಲಿನ್ನೂ ಇರಲಿ. ಈ ವಿಷಯದ ಮೇಲೆ ಚರ್ಚೆ ಬೇಡ."

"ಆದರೆ ಆರ್ಡಿತ್, ನಿನಗೇ ಅಲ್ವಾ ಅವನು…" ಎಂದಳು ಮಾವಿಸ್.

"ಚರ್ಚೆ ಬೇಡ ಅಂದೆ. ಕೈ ಎತ್ತಿ."

ಕೈಗಳು ಎದ್ದವು. ಆರ್ಡಿತ್ ಎತ್ತಿ ಎಂದರೆ ನಮ್ಮವರ ಕೈ ತಾನಾಗಿಯೇ ಏಳುತ್ತದೆ. ಅಷ್ಟಾದ ಮೇಲೆ ಅವಳು ವೆರ್ಲಿನ್‌ಗೆ, "ಹಾವನ್ನ ಒಳಗೆ ಬಿಟ್ಟು ನೆಲಮಾಳಿಗೆಗೆ ಬನ್ನಿ. ಉಳಿದ ವಿನಿಗರ್ ಎಲ್ಲ ತನ್ನಿ. ಬ್ರಷ್ಷೂ ತನ್ನಿ. ಹಾರ್ಲಾನ್, ನೀನೂ ಬಾ, ಬಾಯಿ ಮುಚ್ಕೊಂಡು ಬಾ" ಎಂದಳು.

ನೆಲಮಾಳಿಗೆಯಲ್ಲಿ ಅವಳ ಸಾಮಾನಿಡುವ ಕೋಣೆಗೆ ಬೀಗ ಹಾಕಿತ್ತು. ತೆರೆದಳು. ಗೋಡೆಯುದ್ದಕ್ಕೂ ಅಜ್ಜಿಯ ಕಾಲದ ಕಲ್ಲುಜಾಡಿಗಳು ಸಾಲಾಗಿ ಕೂತಿದ್ದವು, ಒಂದೊಂದೂ ನನ್ನ ಮೊಳಕಾಲೆತ್ತರ. ಪ್ರತಿ ಜಾಡಿಯ ಒಂದು ಪಕ್ಕಕ್ಕೆ ಸೊಂಟನೋವಿನ ಬಿಸಿ ಪ್ಯಾಡು ಕಟ್ಟಿತ್ತು. ಇನ್ನೊಂದು ಪಕ್ಕಕ್ಕೆ ಫ್ಯಾನು ಗಾಳಿ ಬೀಸುತ್ತಿತ್ತು. ಜಾಡಿಗಳ ಬಾಯಿಂದ ದಿನಸಿ ಅಂಗಡಿಯ ಜಾಹೀರಾತಿನ ಅಂಚು ಇಣುಕುತ್ತಿತ್ತು. ಆ ವರ್ಷ ಅವಳ ತೋಟದಲ್ಲಿ ಬಿಟ್ಟ ಸೌತೆಕಾಯಿ ಒಂದನ್ನೂ ಬಿಡದೆ ಅದರೊಳಗಿತ್ತು. ಅಜ್ಜಿಯ ಪಾಕವನ್ನು ಬಿಟ್ಟು, ಇಡೀ ಬೇಸಿಗೆ, ಯಾರಿಗೂ ತಿಳಿಯದಂತೆ, ಅವಳು ಬರ್ನೀಸ್‌ಳ ಪಾಕ ಹಿಡಿದಿದ್ದಳು.

"ನಾನು ಇನ್ನೂ ಮುಚ್ಚಳ ತೆಗೆದಿಲ್ಲ" ಎಂದಳು ಆರ್ಡಿತ್ ಸಣ್ಣ ದನಿಯಲ್ಲಿ. "ಒಂದು ವಾರದಿಂದ ಧೈರ್ಯ ಬರ್ತಿಲ್ಲ."

ವೆರ್ಲಿನ್ ತೋಳು ಮೇಲೇರಿಸಿ ಮೊದಲನೇ ಜಾಡಿಯ ಮುಚ್ಚಳ ಎತ್ತಿದ. ನಾನು ಬಾಗಿಲಿಗೆ ಓಡಿದೆ. ಆರ್ಡಿತ್ ಕರವಸ್ತ್ರದಲ್ಲಿ ಮೂಗು ಹಿಡಿದಳು. ಹದಿನೆಂಟು ವರ್ಷ ಹಾವಿನ ಮನೆ ತೊಳೆದ ಮನುಷ್ಯ ಅವನು, ಅವನೂ ಎರಡು ಹೆಜ್ಜೆ ಹಿಂದೆ ಬಂದು ಗೋಡೆ ಹಿಡಿದುಕೊಂಡ. ಬಹಳ ವಿನಯದಿಂದ ಹೇಳಿದ:

"ಬೇಜಾರು ಮಾಡ್ಕೋಬೇಡಿ ಆರ್ಡಿತ್. ಇದಕ್ಕಿಂತ ಹಾವೇ ವಾಸಿ."

"ಗೊತ್ತು" ಎಂದಳು ಆರ್ಡಿತ್. "ಉಜ್ಜಿ."